ಕಂಪ್ಯೂಟರಿಗೆ ಮುಹೂರ್ತ

ಮದುವೆಗೆ, ಗೃಹಪ್ರವೇಶಕ್ಕೆ, ಮಗುವಿನ ಅಕ್ಷರಾಭ್ಯಾಸಕ್ಕೆ ಪಂಚಾಂಗದಲ್ಲಿ ಮುಹೂರ್ತವುಂಟು. ಹೊಸ ವಾಹನವನ್ನು ಮನೆಗೆ ತರಲು ಆಯುಧಪೂಜೆಯ ದಿನವನ್ನೇ ಕಾಯುವವರುಂಟು. ಆದರೆ ಮನೆಯಲ್ಲಿಯೇ ಕುಳಿತು ಹಾಡು ಕಟ್ಟಿ, ಮುದ್ರಿಸಿ, ಹದಗೊಳಿಸಿ ನಾಲ್ಕು ಜನಕ್ಕೆ ಕೇಳಿಸಬೇಕೆಂಬ ಹಂಬಲ ಹುಟ್ಟಿದ ತರುಣನು ಅದಕ್ಕೆ ಬೇಕಾದ ಕಂಪ್ಯೂಟರನ್ನು ಯಾವಾಗ ಕೊಳ್ಳಬೇಕೆಂಬುದನ್ನು ಯಾವ ಪಂಚಾಂಗವೂ ಹೇಳುವುದಿಲ್ಲ. ಅಂಗಡಿಯವರು 'ಈಗಲೇ ಒಯ್ಯಿರಿ' ಎನ್ನುತ್ತಾರೆ. ತಂದೆಯವರು 'ದೀಪಾವಳಿಗೆ ನೋಡೋಣ' ಎನ್ನುತ್ತಾರೆ. ಗೆಳೆಯನು 'ಇನ್ನಾರು ತಿಂಗಳು ತಡೆ, ಹೊಸ ಮಾದರಿ ಬರುತ್ತದೆ' ಎನ್ನುತ್ತಾನೆ. ಮೂವರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಕಂಪ್ಯೂಟರು ಇಲ್ಲದ ಕಾರಣದಿಂದ ಇಂದು ನಿಂತಿರುವ ಕೆಲಸ ಯಾವುದು ಎಂಬ ಪ್ರಶ್ನೆಯನ್ನು ಮೂವರಲ್ಲಿ ಒಬ್ಬರೂ ಕೇಳಿರುವುದಿಲ್ಲ.

ಹಾರ್ಮೋನಿಯಂ ಕೊಳ್ಳುವವರಿಗೆ ಈ ತೊಡಕು ಇರಲಿಲ್ಲ. 19ನೆಯ ಶತಮಾನದಲ್ಲಿ ಐರೋಪ್ಯರ ಜೊತೆಯಲ್ಲಿ ಈ ದೇಶಕ್ಕೆ ಬಂದು, ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತುತ್ತ ಇನ್ನೊಂದು ಕೈಯಿಂದ ನುಡಿಸುವ ರೂಪವನ್ನು ಇಲ್ಲಿಯೇ ತಾಳಿದ ಆ ಪೆಟ್ಟಿಗೆಯ ಮೇಲೆ ಆಕ್ಷೇಪಗಳೇನೂ ಕಡಿಮೆಯಿರಲಿಲ್ಲ. ಅದರ ಸ್ವರಸ್ಥಾನಗಳು ಅಲುಗಲಾರವು, ಮೀಂಡು ಗಮಕಗಳಿಗೆ ಅದರಲ್ಲಿ ಎಡೆಯಿಲ್ಲ ಎಂದು ಆಕಾಶವಾಣಿಯು 1940ರಲ್ಲಿ ಅದಕ್ಕೆ ಬಾಗಿಲನ್ನೇ ಮುಚ್ಚಿತು. ಬಾಗಿಲು ಮತ್ತೆ ತುಸು ತೆರೆದದ್ದು 1971ರಲ್ಲಿ. ಆದರೆ ಆ ನಡುವಿನ ಮೂವತ್ತೊಂದು ವರ್ಷಗಳಲ್ಲಿ ದಾವಣಗೆರೆಯ ಸೀಮೆಯಲ್ಲಿ ಅದರ ದನಿ ಒಂದು ರಾತ್ರಿಯಾದರೂ ಅಡಗಿದ್ದುಂಟೆ? ಚಿಂದೋಡಿ ಮನೆತನದ ಕೆ.ಬಿ.ಆರ್. ನಾಟಕ ಕಂಪನಿಯಂಥ ಮಂಡಳಿಗಳ ರಂಗದ ಮುಂದೆ ಹಾರ್ಮೋನಿಯಂ ಮಾಸ್ತರರಿಲ್ಲದೆ ಪರದೆ ಏಳುತ್ತಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ ಬಳಿ, ಅವರ ತರುವಾಯ ಪುಟ್ಟರಾಜ ಗವಾಯಿಗಳ ಬಳಿ ಕಲಿತವರು ಊರೂರಿನಲ್ಲಿ ಪಾಠ ಹೇಳಿದರು. ಮನೆಯಲ್ಲಿ ಹಾಡುವ ಮಗುವಿದೆ, ಕೈಯಲ್ಲಿ ಹಣವಿದೆ ಎಂದಾದೊಡನೆ ಪೆಟ್ಟಿಗೆ ಕೊಂಡರೆ ಮುಗಿಯಿತು. ಬರುವ ವರ್ಷ ಅದಕ್ಕಿಂತ ಎರಡು ಪಾಲು ಚುರುಕಾದ ಹಾರ್ಮೋನಿಯಂ ಬಂದೀತೆಂಬ ಭಯ ಯಾರಿಗೂ ಇರಲಿಲ್ಲ. ರೀಡುಗಳಿಗೆ ಶ್ರುತಿ ಮಾಡಿಸಿ, ತಿದಿಯನ್ನು ಸರಿಪಡಿಸಿದರೆ ಅಜ್ಜನ ಪೆಟ್ಟಿಗೆಯನ್ನು ಮೊಮ್ಮಗ ನುಡಿಸಬಹುದು. ಅಜ್ಜನ ಕಂಪ್ಯೂಟರನ್ನು ಮೊಮ್ಮಗ ಬಳಸುವ ಮಾತಂತೂ ಇಲ್ಲ.

ನುಡಿಸುವುದು ಹೀಗೆ ಮನೆಯ ಮಾತಾಗಿದ್ದರೂ ಮುದ್ರಿಸುವುದು ಬಹುಕಾಲ ದೂರದ ಮಾತಾಗಿತ್ತು. ಹತ್ತಂಗುಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿದ್ದ ಕಾಲದಲ್ಲಿ ಗಾಯಕರು ಆ ಮೂರು ನಿಮಿಷಕ್ಕಾಗಿ ದೊಡ್ಡ ಪಟ್ಟಣಗಳಿಗೆ ಪ್ರಯಾಣ ಮಾಡಬೇಕಾಗಿತ್ತು. ಕನ್ನಡ ಚಿತ್ರಗಳ ಹಾಡುಗಳಿಗೂ ದಶಕಗಳ ಕಾಲ ಮದರಾಸೇ ಗತಿಯಾಗಿತ್ತು. ಆ ಅಲೆದಾಟ ತಪ್ಪಬೇಕೆಂದು ಬಯಸಿದವರಲ್ಲಿ ಶಂಕರ್ ನಾಗ್ ಒಬ್ಬರು. ಅವರು ಸೋದರ ಅನಂತ್ ನಾಗ್ ಅವರೊಡನೆ 1980ರ ದಶಕದಲ್ಲಿ ಬೆಂಗಳೂರಿನಲ್ಲಿ 'ಸಂಕೇತ್' ಎಂಬ ಧ್ವನಿಮುದ್ರಣ ಶಾಲೆಯನ್ನು ಕಟ್ಟಿದರು. 1990ರ ಸೆಪ್ಟೆಂಬರ್ 30ರಂದು ಆ ತರುಣ ಕಲಾವಿದರು ಅಪಘಾತದಲ್ಲಿ ತೀರಿಕೊಂಡದ್ದು ದಾವಣಗೆರೆಯ ಹತ್ತಿರದ ಆನಗೋಡಿನಲ್ಲಿ. ಆ ಹೆದ್ದಾರಿಯಲ್ಲಿ ಹೋಗುವ ಹಿರಿಯರು ಇಂದಿಗೂ ಆ ಊರು ಬಂದಾಗ ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ. ಆ ದಶಕದಲ್ಲಿಯೇ, 1983ರಲ್ಲಿ, ಬೇರೆ ಬೇರೆ ಕಂಪನಿಗಳ ವಿದ್ಯುತ್ ವಾದ್ಯಗಳೂ ಕಂಪ್ಯೂಟರುಗಳೂ ಒಂದರ ಮಾತನ್ನು ಇನ್ನೊಂದು ತಿಳಿಯುವಂಥ ಮಿಡಿ ಎಂಬ ಒಪ್ಪಂದ ಜಾರಿಗೆ ಬಂದಿತ್ತು. 1996ರ ಹೊತ್ತಿಗೆ ಸ್ಟುಡಿಯೋದ ಗೋಡೆಯಗಲದ ಉಪಕರಣಗಳ ಕೆಲಸವನ್ನು ಮೇಜಿನ ಮೇಲಿನ ಕಂಪ್ಯೂಟರಿನೊಳಗೇ ಮಾಡುವ ದಾರಿ ತೆರೆಯಿತು. ಇಂದು ಸಂಕೇತ್ ಶಾಲೆಯಲ್ಲಿ ನಡೆಯುತ್ತಿದ್ದ ಕೆಲಸದ ಬಹುಭಾಗವನ್ನು ವಿದ್ಯಾನಗರದ ಒಂದು ಮಲಗುವ ಕೋಣೆಯಲ್ಲಿ ಮಾಡಬಹುದು. ಪ್ರಯಾಣವೇನೋ ತಪ್ಪಿತು, ಅದರ ಸ್ಥಳದಲ್ಲಿ ಕಾಯುವ ರೋಗ ಬಂದು ಕುಳಿತಿತು.

ಕಾಯುವುದರಲ್ಲಿ ತರ್ಕವಿಲ್ಲವೆಂದಲ್ಲ. 1999ರಲ್ಲಿ ಅಮೆರಿಕದ ಅರಿಝೋನಾ ವಿಶ್ವವಿದ್ಯಾಲಯದ ಖಗೋಳಶಾಸ್ತ್ರದ ಕೆಲವರು ಅರ್ಧ ವಿನೋದವಾಗಿಯೂ ಅರ್ಧ ಗಂಭೀರವಾಗಿಯೂ ಒಂದು ಲೇಖನವನ್ನು ಬರೆದರು. ಅದೇ ಹಣಕ್ಕೆ ದೊರೆಯುವ ಕಂಪ್ಯೂಟರಿನ ಶಕ್ತಿ ಪ್ರತಿ ಹದಿನೆಂಟು ತಿಂಗಳಿಗೆ ಎರಡು ಪಟ್ಟಾಗುತ್ತಿದ್ದರೆ, ಬಹು ದೀರ್ಘವಾದ ಒಂದು ಲೆಕ್ಕವನ್ನು ಇಂದೇ ಆರಂಭಿಸುವುದಕ್ಕಿಂತ ಕೆಲವು ಕಾಲ ಸುಮ್ಮನೆ ಕುಳಿತು, ಆಮೇಲೆ ಚುರುಕಾದ ಯಂತ್ರವನ್ನು ಕೊಂಡು ಆರಂಭಿಸಿದವನೇ ಮೊದಲು ಮುಗಿಸುತ್ತಾನೆ ಎಂಬುದು ಅವರ ವಾದ. ಸೋಮಾರಿಗಳಿಗೆ ಇದಕ್ಕಿಂತ ಪ್ರಿಯವಾದ ಶಾಸ್ತ್ರ ಬೇರೊಂದಿಲ್ಲ. ಆದರೆ ಅವರು ಅದಕ್ಕೊಂದು ಗಡಿಯನ್ನೂ ಹೇಳಿದ್ದರು: ಇಂದಿನ ಯಂತ್ರದಲ್ಲಿ 26 ತಿಂಗಳಿಗಿಂತ ಕಡಿಮೆ ಹಿಡಿಯುವ ಕೆಲಸಕ್ಕೆ ಕಾಯುವುದರಿಂದ ಲಾಭವಿಲ್ಲ. ನಾಲ್ಕು ನಿಮಿಷದ ಒಂದು ಭಾವಗೀತೆಯನ್ನು ಕಡೆಯ ರೂಪಕ್ಕೆ ಇಳಿಸಲು ಸಾಧಾರಣ ಕಂಪ್ಯೂಟರಿಗೂ ಕೆಲವು ನಿಮಿಷ ಸಾಕು. ಉಳಿದ ತಿಂಗಳೆಲ್ಲ ರಾಗ ಹುಡುಕುವುದರಲ್ಲಿ, ಪದ ತಿದ್ದುವುದರಲ್ಲಿ, ನಿನ್ನೆ ಹಾಡಿದ್ದು ಇಂದು ಸರಿಯೆನಿಸದೆ ಮತ್ತೆ ಹಾಡುವುದರಲ್ಲಿ ಕಳೆಯುತ್ತದೆ. ಅದನ್ನು ಚುರುಕುಮಾಡುವ ಯಂತ್ರ ಬರುವ ವರ್ಷವೂ ಬರುವುದಿಲ್ಲ.

ಬೆಲೆಯ ವಿಷಯದಲ್ಲಿಯೂ ಹಳೆಯ ನಂಬಿಕೆಯೊಂದು ಈಚೆಗೆ ಪೆಟ್ಟು ತಿಂದಿತು. ವಿದ್ಯುನ್ಮಾನ ವಸ್ತುಗಳು ತಡೆದಷ್ಟೂ ಅಗ್ಗವಾಗುತ್ತವೆಂದು ಎಲ್ಲರೂ ನಂಬಿದ್ದರು. 2025ರ ಕೊನೆಯ ತಿಂಗಳುಗಳಲ್ಲಿ ಕಂಪ್ಯೂಟರಿನ ಮೆಮೊರಿಯ ಬೆಲೆ ಇಳಿಯುವುದಕ್ಕೆ ಬದಲಾಗಿ ಏರಿತು. ಕೃತಕ ಬುದ್ಧಿಯ ಬೃಹತ್ ದತ್ತಾಂಶ ಕೇಂದ್ರಗಳಿಗೆ ಬೇಕಾದ ಮೆಮೊರಿಯನ್ನು ತಯಾರಿಸುವುದೇ ಕಾರ್ಖಾನೆಗಳಿಗೆ ಹೆಚ್ಚು ಲಾಭಕರವಾಯಿತು. ಮನೆಬಳಕೆಯ ಗಿರಾಕಿ ಹಿಂದೆ ಬಿದ್ದನು. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು ಬಿಡಿ ಗಿರಾಕಿಗಳಿಗೆ ಮಾರುತ್ತಿದ್ದ 'ಕ್ರೂಶಿಯಲ್' ಎಂಬ ತನ್ನ ಮೆಮೊರಿ ವ್ಯಾಪಾರವನ್ನೇ ಕೈಬಿಡುವುದಾಗಿ ಸಾರಿತು. ಹಬ್ಬಕ್ಕೆ ಅಗ್ಗವಾದೀತೆಂದು ಕಾದವರು ಹಬ್ಬ ಕಳೆದ ಮೇಲೆ ಹೆಚ್ಚು ತೆತ್ತರು. ಹಾಗೆಂದು ಬೆಲೆ ಇನ್ನೂ ಏರೀತೆಂದು ಹೆದರಿ ಓಡಿಹೋಗಿ ಕೊಳ್ಳುವುದೂ ಅದೇ ತಪ್ಪಿನ ಇನ್ನೊಂದು ಮುಖವೇ. ಬೆಲೆಯ ಜಾತಕ ಬರೆಯುವುದು ಗೃಹಸ್ಥರ ಕೈಲಾಗುವ ಕೆಲಸವಲ್ಲ.

ಇದೆಲ್ಲ ನಿಜವಾದ ಒಂದು ಸಂಸಾರದಲ್ಲಿ ಹೇಗೆ ಬಗೆಹರಿಯಬಹುದೆಂಬುದನ್ನು ನೋಡಲು ಹರಿಹರದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಕಲ್ಪನೆ ಕಷ್ಟವಲ್ಲ, ಇಂಥ ಮನೆಗಳು ತುಂಗಭದ್ರೆಯ ದಡದ ಆ ಊರಿನಲ್ಲಿ ಒಂದಲ್ಲ, ಹಲವು. ಅಜ್ಜನವರಿಗೆ ಎಂಬತ್ತೆರಡು ವರ್ಷ. ಪ್ರಾಯದಲ್ಲಿ ನಾಟಕ ಕಂಪನಿಗಳ ಕ್ಯಾಂಪಿನಲ್ಲಿ ಹಾರ್ಮೋನಿಯಂ ನುಡಿಸಿದವರು. ಅವರ ಮಗ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು, ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿದ ಮೇಲೆ ಸ್ವಂತ ಲೇತೊಂದನ್ನು ಹಾಕಿಕೊಂಡವರು. ಮೊಮ್ಮಗ ದಿನವೂ ಬಸ್ಸಿನಲ್ಲಿ ಹದಿನಾಲ್ಕು ಕಿಲೋಮೀಟರು ಹೋಗಿ ದಾವಣಗೆರೆಯಲ್ಲಿ ಓದುತ್ತಾನೆ. ಅಜ್ಜನಿಗೆ ನೆನಪಿರುವ ರಂಗಗೀತೆಗಳನ್ನು ಹಿಡಿದು, ಅವಕ್ಕೆ ಹೊಸ ವಾದ್ಯಗಳ ಹಿನ್ನೆಲೆ ಕೂಡಿಸಬೇಕೆಂಬುದು ಅವನ ಆಸೆ. ಅದಕ್ಕಾಗಿ ಒಂದು ಲಕ್ಷದ ಹತ್ತಿರದ ಕಂಪ್ಯೂಟರನ್ನು ಆರಿಸಿಟ್ಟುಕೊಂಡಿದ್ದಾನೆ. ಅದು ಬರುವವರೆಗೆ ಏನನ್ನೂ ಆರಂಭಿಸಿಲ್ಲ. ಹೀಗೆ ಒಂದು ವರ್ಷ ಕಳೆದಿದೆ.

ಒಂದು ಭಾನುವಾರ ಮಾತು ಬಂದಾಗ ತಂದೆ ಕೇಳಿದ್ದು ಬೆಲೆಯನ್ನಲ್ಲ.

"ಅಲ್ಲೋ ತಮ್ಮಾ, ನಿಮ್ಮ ಅಕ್ಕನ ಹಳೇ ಲ್ಯಾಪ್‌ಟಾಪ್ ಇದೆಯಲ್ಲ, ಅದರಲ್ಲಿ ನಿನ್ನ ಕೆಲಸ ಎಲ್ಲಿ ನಿಲ್ಲುತ್ತೆ?"

"ಅದರಲ್ಲಿ ಆಗಲ್ಲ, ಅಪ್ಪಾಜಿ."

"ಆಗಲ್ಲ ಅನ್ನೋದು ಬೇರೆ, ಮಾಡಿ ನೋಡಿದೆ ಆಗಲಿಲ್ಲ ಅನ್ನೋದು ಬೇರೆ. ನಾನು ಎರಡನೇ ಲೇತ್ ತಂದಿದ್ದು ಯಾವಾಗ? ಜಾಬು ವಾಪಸ್ ಕಳಿಸೋಕೆ ಶುರು ಆದಮೇಲೆ."

ಅಡುಗೆಯ ಮನೆಯಿಂದ ತಾಯಿ ಅಂದದ್ದು ಇನ್ನೂ ಮೊನಚಾಗಿತ್ತು: "ಕಂಪ್ಯೂಟರ್ ಇವತ್ತಲ್ಲ ನಾಳೆ ಬರುತ್ತೆ. ಹೋದ ವರ್ಷ ನಿಮ್ಮ ಅಜ್ಜಾರು ಮೇಲಿನ ಷಡ್ಜಕ್ಕೆ ಹೋಗ್ತಿದ್ದರು, ಈ ವರ್ಷ ಕೆಮ್ಮು ಬರುತ್ತೆ. ಅದನ್ನ ಯಾರು ತಂದುಕೊಡ್ತಾರೆ?"

ಕಾಯಬಹುದಾದದ್ದು, ಕಾಯಲಾಗದ್ದು ಎಂಬ ಎರಡರ ಗೆರೆಯನ್ನು ಆ ತಾಯಿ ಯಾವ ಪಂಡಿತರಿಗಿಂತಲೂ ನೇರವಾಗಿ ಎಳೆದಳೆನ್ನಬೇಕು. ಮೊಮ್ಮಗ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಇಟ್ಟಿದ್ದನು. ಅಜ್ಜನ ಕಂಠವನ್ನು ಹಿಡಿಯಲು ಕಂಪ್ಯೂಟರು ಬೇಕಾಗಿಯೇ ಇಲ್ಲ. ಜೇಬಿನಲ್ಲಿರುವ ದೂರವಾಣಿ ಸಾಕು. ಸೌಕರ್ಯವಿದ್ದರೆ ವೇವ್ ಎಂಬ, ದನಿಯನ್ನು ಕುಗ್ಗಿಸದ ರೂಪವನ್ನು ಅದರಲ್ಲಿ ಆರಿಸಿಕೊಳ್ಳಬೇಕು, ಕರೆ ಬಂದು ನಡುವೆ ಕೆಡಿಸದಂತೆ ಸಂಪರ್ಕವನ್ನು ಕಡಿದಿಡಬೇಕು, ಫ್ಯಾನು ಆರಿಸಬೇಕು, ಪೆಟ್ಟಿಗೆಯ ದನಿ ಕಂಠವನ್ನು ನುಂಗದಂತೆ ದೂರವಾಣಿಯನ್ನು ಬಾಯಿಗೆ ಹತ್ತಿರವಾಗಿ, ಹಾರ್ಮೋನಿಯಂಗೆ ತುಸು ದೂರವಾಗಿ ಇಡಬೇಕು. ಹಾಡಿಗೆ ಮೊದಲು ಅಜ್ಜನ ಬಾಯಿಂದಲೇ ಯಾವ ನಾಟಕ, ಯಾವ ಪಾತ್ರ, ಯಾವ ಸಂದರ್ಭ, ಕರಿ ಎರಡೋ ಬಿಳಿ ನಾಲ್ಕೋ ಎಂಬುದನ್ನು ಹೇಳಿಸಿಬಿಟ್ಟರೆ ಮುಂದೆ ತಡಕಾಡುವ ಶ್ರಮ ತಪ್ಪುತ್ತದೆ. ಮುದ್ರಿಸಿದ್ದನ್ನು ಅಂದೇ ಇನ್ನೆರಡು ಕಡೆ ನಕಲು ಮಾಡಿಡಬೇಕು. ಇದರಲ್ಲಿ ಒಂದು ಎಚ್ಚರಿಕೆ: ವಾಟ್ಸಾಪಿನ ಧ್ವನಿಸಂದೇಶವಾಗಿ ಮುದ್ರಿಸಿ ಕಳುಹಿಸಿದರೆ ದನಿ ಬಹಳ ಕುಗ್ಗುತ್ತದೆ, ಕಳುಹಿಸಲೇಬೇಕಾದರೆ ಕಡತವನ್ನು ಡಾಕ್ಯುಮೆಂಟಾಗಿ ಕಳುಹಿಸುವುದು ಲೇಸು.

ಚಿಂದೋಡಿ ಲೀಲಾ ಅವರು ತೀರಿಕೊಂಡದ್ದು 2010ರಲ್ಲಿ. ಪುಟ್ಟರಾಜ ಗವಾಯಿಗಳು ಹೋದದ್ದೂ ಅದೇ ವರ್ಷ. ಅಂಥ ದೊಡ್ಡವರ ದನಿ ಎಲ್ಲೆಲ್ಲಿಯೋ ಉಳಿದಿರುತ್ತದೆ. ಕಂಪನಿಯ ಹಿಂದಿನ ಸಾಲಿನಲ್ಲಿ ಕುಳಿತು ಬಾಳು ಸವೆಸಿದವರ ದನಿ ಅವರ ಮನೆಯವರು ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಕಾದ ಉಪಕರಣ ಈಗಾಗಲೇ ಕೈಯಲ್ಲಿರುವಾಗ ಇದಕ್ಕೆ ಮುಹೂರ್ತ ಇಂದು ಸಂಜೆಯೇ.

ಇನ್ನು ತಂದೆಯ ಪ್ರಶ್ನೆ: ಕೆಲಸ ಎಲ್ಲಿ ನಿಲ್ಲುತ್ತದೆ? ಹುಡುಗ ಅಕ್ಕನ ಲ್ಯಾಪ್‌ಟಾಪಿನ ಮುಂದೆ ಕುಳಿತು, ಅಡ್ಡಿ ಬಂದಾಗಲೆಲ್ಲ ಒಂದು ನೋಟುಪುಸ್ತಕದಲ್ಲಿ ಗುರುತು ಹಾಕಿದನೆಂದು ಇಟ್ಟುಕೊಳ್ಳಬಹುದು. ಖರ್ಚಿನ ಚಿಂತೆಯಿಲ್ಲದ ತಂತ್ರಾಂಶಗಳು ಇಂದು ಬೇಕಾದಷ್ಟಿವೆ. 2000ದಲ್ಲಿ ಹುಟ್ಟಿದ ಆಡಾಸಿಟಿ ಪೂರ್ಣ ಉಚಿತ; ರೀಪರ್ ಎಂಬುದನ್ನು ಅರವತ್ತು ದಿನ ಹಣವಿಲ್ಲದೆ ಪರೀಕ್ಷಿಸಿ ನೋಡಬಹುದು. ಮೊದಲ ವಾರ ಅವನಿಗೆ ಎದುರಾದ ಅಡ್ಡಿ ಯಂತ್ರದ್ದಲ್ಲವೇ ಅಲ್ಲ. ಅಜ್ಜನ ಪೆಟ್ಟಿಗೆಯ ಶ್ರುತಿ ಕಂಪ್ಯೂಟರಿನ ವಾದ್ಯಗಳ ಶ್ರುತಿಗಿಂತ ಕೂದಲೆಳೆಯಷ್ಟು ಮೇಲಿತ್ತು. ಎರಡೂ ಕೂಡಿದಾಗ ದನಿ ಅಲೆಯಾಡಿತು. ಕಂಪ್ಯೂಟರಿನ ವಾದ್ಯಗಳನ್ನೇ ಅಷ್ಟು ಮೇಲೇರಿಸಿದಾಗ ಸರಿಹೋಯಿತು. ಅದಕ್ಕೆ ಹಣ ಬೇಕಾಗಲಿಲ್ಲ, ಕಿವಿ ಬೇಕಾಯಿತು. ಎರಡನೆಯದು ಇನ್ನೂ ಕಠಿಣ. ಯಂತ್ರದ ತಾಳ ಗಡಿಯಾರದಂತೆ ನಡೆಯುತ್ತದೆ. ಅಜ್ಜ ಕರುಣರಸದ ಸಾಲಿನಲ್ಲಿ ಲಯವನ್ನು ತುಸು ಎಳೆದು, ಪಲ್ಲವಿಗೆ ಮರಳುವಾಗ ತುಸು ಬಿಗಿಯುತ್ತಾರೆ. ರಂಗದ ಮೇಲೆ ನಟನ ಹೆಜ್ಜೆ ನೋಡಿ ನುಡಿಸಿದ ಕೈ ಅದು. ಆ ಲಯಕ್ಕೆ ಯಂತ್ರವನ್ನು ಬಗ್ಗಿಸಬೇಕೇ ಹೊರತು ಯಂತ್ರಕ್ಕೆ ಅಜ್ಜನನ್ನಲ್ಲ. ಪ್ರತಿ ಆವರ್ತದ ವೇಗವನ್ನೂ ಕೈಯಿಂದ ಗುರುತಿಸಿ ಕೂಡಿಸುವ ಈ ಕೆಲಸ ಒಂದು ಲಕ್ಷದ ಯಂತ್ರದಲ್ಲಿಯೂ ಅಷ್ಟೇ ನಿಧಾನ.

ಯಂತ್ರ ನಿಜವಾಗಿ ಸೋತ ಸ್ಥಳಗಳು ಆ ಪುಸ್ತಕದಲ್ಲಿ ಎರಡೇ ಎರಡು. ಅವೆರಡನ್ನು ತುಸು ಬಿಡಿಸಿ ಹೇಳುವುದು ಅವಶ್ಯ, ಏಕೆಂದರೆ ಅಂಗಡಿಯಲ್ಲಿ ಕೇಳಿಬರುವ ಅಂಕಿಗಳ ಅರ್ಥವೆಲ್ಲ ಅಲ್ಲಿಯೇ ಇದೆ.

ಮೊದಲನೆಯದು ತಡ. ಮೈಕಿನಲ್ಲಿ ಹಾಡಿದ್ದು ಕಂಪ್ಯೂಟರಿನ ಒಳಹೊಕ್ಕು, ಹಾಡಿದವನ ಕಿವಿಗೆ ಹಿಂತಿರುಗುವಷ್ಟರಲ್ಲಿ ಕೊಂಚ ಕಾಲ ಕಳೆದಿರುತ್ತದೆ. ಕಂಪ್ಯೂಟರು ದನಿಯನ್ನು ತೊಟ್ಟುತೊಟ್ಟಾಗಿ ಅಲ್ಲ, ಪಾತ್ರೆ ತುಂಬಿ ತುಂಬಿ ಎತ್ತಿಕೊಳ್ಳುತ್ತದೆ. ಆ ಪಾತ್ರೆಗೆ ಬಫರು ಎಂದು ಹೆಸರು. ನಲ್ಲಿಯ ನೀರನ್ನು ಚೊಂಬಿನಲ್ಲಿ ಹಿಡಿದರೆ ಬೇಗ ತುಂಬುತ್ತದೆ, ಆದರೆ ಕೈಗೆ ಬಿಡುವಿಲ್ಲ, ನಿಧಾನದ ಕೈಯಾದರೆ ನೀರು ಚೆಲ್ಲುತ್ತದೆ. ಕೊಡದಲ್ಲಿ ಹಿಡಿದರೆ ಕೈಗೆ ಬಿಡುವು, ಆದರೆ ತುಂಬುವವರೆಗೆ ಕಾಯಬೇಕು. ಸೆಕೆಂಡಿಗೆ 48,000 ಮಾದರಿಗಳಂತೆ ದನಿ ಹಿಡಿಯುವಾಗ 256 ಮಾದರಿಗಳ ಪಾತ್ರೆಯೊಂದು ತುಂಬಲು ಸುಮಾರು 5 ಮಿಲಿಸೆಕೆಂಡು ಬೇಕು. 1,024ರ ಪಾತ್ರೆಗೆ 21 ಮಿಲಿಸೆಕೆಂಡು. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಎಂದರೆ ದೊಡ್ಡ ಪಾತ್ರೆಯಲ್ಲಿ ತಡ 43 ಮಿಲಿಸೆಕೆಂಡಿನ ಹತ್ತಿರ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆಯಾದ್ದರಿಂದ, ಇದು ಹದಿನೈದು ಮೀಟರು ದೂರದಲ್ಲಿ ಕುಳಿತ ತಬಲದವನೊಡನೆ ಹಾಡಿದಂತೆ. ಸಣ್ಣ ಪಾತ್ರೆಯಲ್ಲಿ ಅದೇ ತಬಲದವನು ನಾಲ್ಕು ಮೀಟರಿನೊಳಗೆ ಬರುತ್ತಾನೆ. ನಾಟಕದ ರಂಗದಲ್ಲಿ ನಟನಿಗೂ ಮಾಸ್ತರರಿಗೂ ಇರುವ ಅಂತರ ಅಷ್ಟೇ. ದುರ್ಬಲವಾದ ಕಂಪ್ಯೂಟರಿಗೆ ಸಣ್ಣ ಪಾತ್ರೆ ಕೊಟ್ಟರೆ ಅದು ಚೆಲ್ಲುತ್ತದೆ. ಚೆಲ್ಲಿದ್ದು ಕಿವಿಗೆ ಚಟಪಟವೆಂದು ಕೇಳಿಸುತ್ತದೆ. ಆದರೆ ಹಾಡುವವನ ಮಟ್ಟಿಗೆ ಇದಕ್ಕೆ ಮದ್ದು ಹೊಸ ಕಂಪ್ಯೂಟರಲ್ಲ. ಮೈಕಿಗೂ ಕಂಪ್ಯೂಟರಿಗೂ ನಡುವೆ ಇಡುವ ಆಡಿಯೋ ಇಂಟರ್‌ಫೇಸು ಎಂಬ ಸಣ್ಣ ಪೆಟ್ಟಿಗೆ ಕೆಲವು ಸಾವಿರ ರೂಪಾಯಿಗೆ ದೊರೆಯುತ್ತದೆ. ಅಂಥ ಬಹುತೇಕ ಪೆಟ್ಟಿಗೆಗಳಲ್ಲಿ ಹಾಡಿದ ದನಿಯನ್ನು ಕಂಪ್ಯೂಟರಿಗೆ ಕಳುಹಿಸುವ ಜೊತೆಯಲ್ಲಿಯೇ ನೇರವಾಗಿ ಕಿವಿಗೂ ಕೊಡುವ ಏರ್ಪಾಡು ಇರುತ್ತದೆ. ಕಂಪ್ಯೂಟರಿಗಿಂತ ಮೊದಲು ಕೊಳ್ಳಬೇಕಾದದ್ದು ಇದು. ಮುಂದೆ ಕಂಪ್ಯೂಟರು ಬದಲಾದರೂ ಇದು ಬದಲಾಗಬೇಕಿಲ್ಲ.

ಎರಡನೆಯದು ಮೆಮೊರಿ. ಕಂಠವನ್ನು ಹಿಡಿಯುವುದು ಕಂಪ್ಯೂಟರಿಗೆ ಭಾರವಲ್ಲ. 24 ಬಿಟ್ಟಿನ ಸೂಕ್ಷ್ಮತೆಯಲ್ಲಿ ಒಂದು ದನಿ ನಿಮಿಷಕ್ಕೆ 8.64 ಮೆಗಾಬೈಟು ತಿನ್ನುತ್ತದೆ. ನಾಲ್ಕು ನಿಮಿಷದ ಹಾಡಿಗೆ ಹತ್ತು ದನಿಗಳನ್ನು ಹಿಡಿದರೂ 346 ಮೆಗಾಬೈಟಿನ ಒಳಗೆ. ಭಾರವಾಗುವುದು ಸಿತಾರು, ಪಿಟೀಲು, ಕೊಳಲುಗಳ ಸಮೂಹವನ್ನು ಕಂಪ್ಯೂಟರಿನಿಂದಲೇ ನುಡಿಸಹೊರಟಾಗ. ಒಂದೊಂದು ವಾದ್ಯದ ಒಂದೊಂದು ಸ್ವರವನ್ನೂ ಮೆಲ್ಲಗೆ, ನಡುವಾಗಿ, ಬಿರುಸಾಗಿ ನುಡಿಸಿ ಮುದ್ರಿಸಿದ ಸಾವಿರಾರು ತುಣುಕುಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಅದು ಕಾದಿರಬೇಕಾಗುತ್ತದೆ. 4 ಗಿಗಾಬೈಟಿನ ಅಕ್ಕನ ಯಂತ್ರ ಮೂರನೆಯ ವಾದ್ಯಕ್ಕೇ ಉಸಿರು ಬಿಟ್ಟಿತು. ಇದಕ್ಕೂ ಉಪಾಯವಿದೆ: ಒಂದು ವಾದ್ಯದ ಭಾಗ ಮುಗಿದೊಡನೆ ಅದನ್ನು ಸಾಧಾರಣ ಮುದ್ರಿತ ದನಿಯಾಗಿ ಪರಿವರ್ತಿಸಿ ವಾದ್ಯವನ್ನು ಇಳಿಸಿಬಿಡಬಹುದು. ತಂತ್ರಾಂಶದವರು ಇದನ್ನು 'ಫ್ರೀಜ್' ಎನ್ನುತ್ತಾರೆ. ತಿದ್ದಬೇಕಾದಾಗ ಮತ್ತೆ ಕರಗಿಸುವ ಕಷ್ಟವೊಂದುಂಟು. ಅದು ಬೇಸರ ತಂದಾಗ ಹಳೆಯ ಯಂತ್ರಕ್ಕೇ ಮೆಮೊರಿ ಹೆಚ್ಚಿಸಿ, ತಿರುಗುವ ಹಳೆಯ ಡಿಸ್ಕಿನ ಬದಲು ಎಸ್.ಎಸ್.ಡಿ. ಹಾಕಿಸಿದರೆ, ಹೊಸ ಯಂತ್ರದ ಬೆಲೆಯ ಸಣ್ಣದೊಂದು ಪಾಲಿನಲ್ಲಿ ಇನ್ನೊಂದು ವರ್ಷ ದೂಡಬಹುದು. ಕಿರ್ಲೋಸ್ಕರಿನಲ್ಲಿ ಪಳಗಿದ ತಂದೆಗೆ ಈ ಮಾರ್ಗ ಒಪ್ಪಿಗೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಅವರು ಹಾಕಿದ ಕರಾರು ಕೂಡ ಲೇತ್ ಅಂಗಡಿಯದೇ. ಮೂರು ಹಾಡು ಪೂರ್ತಿ ಮುಗಿಯಬೇಕು. ಆ ಹೊತ್ತಿಗೆ ನೋಟುಪುಸ್ತಕದಲ್ಲಿ ಯಂತ್ರದ ದೋಷವೆಂದು ಗುರುತಾದ ಅಡ್ಡಿಗಳು ಯಾವುವೋ ಅವನ್ನು ತೀರಿಸುವ ಯಂತ್ರ ಬರುತ್ತದೆ. ಅದಕ್ಕಿಂತ ದೊಡ್ಡದಲ್ಲ, ಚಿಕ್ಕದೂ ಅಲ್ಲ. ಅಲ್ಲಿಯವರೆಗೆ ಪ್ರತಿ ತಿಂಗಳೂ ಬ್ಯಾಂಕಿನ ಆರ್.ಡಿ.ಗೆ ಒಂದಷ್ಟು ಹಣ. ಕಂತಿನ ಮೇಲೆ ಕೊಳ್ಳುವ ಮಾತು ಆ ಮನೆಯಲ್ಲಿ ಎತ್ತಕೂಡದು. ಇದು ಸ್ವಲ್ಪ ಕಟ್ಟುನಿಟ್ಟಾಯಿತೆಂದು ಕೆಲವರಿಗೆ ಅನ್ನಿಸಬಹುದು. ಹವ್ಯಾಸಕ್ಕಾಗಿ ಕೊಳ್ಳುವ ವಸ್ತುವಿನ ಕಂತು ಹವ್ಯಾಸಕ್ಕಿಂತ ದೀರ್ಘಾಯುವಾಗಿರುವುದನ್ನು ಕಂಡವರಿಗೆ ಹಾಗೆ ಅನ್ನಿಸಲಾರದು.

ಕೆಲಸ ಕೈಗೆ ಬಂದವರ ಮಾತು ಬೇರೆ. ಗಣೇಶನ ಹಬ್ಬದ ವಾದ್ಯಗೋಷ್ಠಿಗೆ ಹಿನ್ನೆಲೆ ಸಂಗೀತ, ಊರ ದೇವರ ಭಕ್ತಿಗೀತೆ, ಶಾಲೆಯ ವಾರ್ಷಿಕೋತ್ಸವದ ನೃತ್ಯಕ್ಕೆ ಹಾಡು ಎಂದು ಮುಂಗಡ ತೆಗೆದುಕೊಂಡವರು ಹಳೆಯ ಯಂತ್ರದೊಡನೆ ಸೆಣಸುತ್ತ ಕೂರಬಾರದು. ಕಳೆದ ಒಂದೊಂದು ದಿನಕ್ಕೂ ಅವರಿಗೆ ಬೆಲೆಯಿದೆ. ಅವರು ಇಂದೇ ಕೊಳ್ಳಲಿ. ಜೊತೆಗೆ ಮುದ್ರಿಸಿದ್ದನ್ನೆಲ್ಲ ನಕಲಿಡಲು ಇನ್ನೊಂದು ಡಿಸ್ಕನ್ನೂ ಕೊಳ್ಳಲಿ.

ಹಳೆಯ ಯಂತ್ರದ ಆಯುಷ್ಯ ಮುಗಿಯಿತೆಂದು ಹೆದರಿಸುವವರಿಗೆ ಈಚೆಗೆ ಇನ್ನೊಂದು ಅಸ್ತ್ರ ಸಿಕ್ಕಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನದಾದ ವಿಂಡೋಸ್ 11 ಬಹಳ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಬ್ಯಾಂಕಿನ ವ್ಯವಹಾರಕ್ಕೂ ಅದೇ ಯಂತ್ರ ಬಳಸುವ ಮನೆಗೆ ಇದು ಗಂಭೀರವಾದ ಕಾರಣವೇ ಸರಿ. ಆದರೆ ಅಂತರ್ಜಾಲದ ಸಂಪರ್ಕ ಕಡಿದು ಸಂಗೀತಕ್ಕೆಂದೇ ಒಂದು ಮೂಲೆಯಲ್ಲಿ ಇಟ್ಟ ಯಂತ್ರ ಅಕ್ಟೋಬರ್ 15ರಂದು ಕೂಡ ಹಿಂದಿನ ದಿನ ಹಾಡಿದಂತೆಯೇ ಹಾಡಿತು. ಲಿನಕ್ಸ್ ಹಾಕಿಸಿ ಆರ್ಡರ್ ಎಂಬ ತಂತ್ರಾಂಶದಲ್ಲಿ ಕೆಲಸ ಮಾಡುವ ದಾರಿಯೂ ಇದೆ. ಅದಕ್ಕೆ ತುಸು ತಾಳ್ಮೆ ಬೇಕು.

ಆಪಲ್ ಕಂಪನಿಯ ಯಂತ್ರಗಳ ಮೋಹ ಈ ತರುಣರಲ್ಲಿ ಬಲವಾಗಿದೆ. 2020ರ ನವೆಂಬರಿನಲ್ಲಿ ಆ ಕಂಪನಿ ತನ್ನದೇ ಎಂ1 ಎಂಬ ಬಿಲ್ಲೆಯನ್ನು ಹಾಕಿದ ಮೇಲೆ ಅವು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುತ್ತವೆಂಬುದು ದಿಟ. ಅವುಗಳ ಮ್ಯಾಕ್‌ಬುಕ್ ಏರ್ ಮಾದರಿಗೆ ಫ್ಯಾನೇ ಇಲ್ಲದ್ದರಿಂದ ಮೈಕಿನ ಪಕ್ಕದಲ್ಲಿಯೇ ಇಟ್ಟರೂ ಗುಂಯ್ ಎನ್ನುವುದಿಲ್ಲ. ಗ್ಯಾರೇಜ್‌ಬ್ಯಾಂಡ್ ಎಂಬ ಸಂಗೀತ ತಂತ್ರಾಂಶವೂ ಉಚಿತ. ಆದರೆ ಅವುಗಳಲ್ಲಿ ಮೆಮೊರಿಯನ್ನು ಆಮೇಲೆ ಹೆಚ್ಚಿಸುವಂತಿಲ್ಲ. ಕೊಳ್ಳುವ ದಿನ ಎಷ್ಟೋ ಕಡೆಯವರೆಗೆ ಅಷ್ಟೇ. ಆದ್ದರಿಂದ ಅಕ್ಕನ ಯಂತ್ರದಲ್ಲಿ ನೋಟುಪುಸ್ತಕ ಹಿಡಿದು ಕಲಿತವನು ತನಗೆ ಎಷ್ಟು ಮೆಮೊರಿ ಬೇಕೆಂಬುದನ್ನು ಅರಿತು ಆರಿಸುತ್ತಾನೆ. ಏನನ್ನೂ ಮಾಡದೆ ಕಾದವನು ಅಂಗಡಿಯವರ ಮುಖ ನೋಡಿ ಆರಿಸುತ್ತಾನೆ.

ದಾವಣಗೆರೆಯ ಬೇಸಗೆ, ಆಗಾಗ ಹೋಗಿಬರುವ ವಿದ್ಯುತ್ತು, ಎ.ಪಿ.ಎಂ.ಸಿ. ಕಡೆಗೆ ಹೋಗುವ ಟ್ರ್ಯಾಕ್ಟರುಗಳು: ಇವುಗಳಿಗೂ ಲೆಕ್ಕದಲ್ಲಿ ಜಾಗ ಕೊಡಬೇಕು. ಮೇಜಿನ ಕಂಪ್ಯೂಟರಿಗೆ ಯು.ಪಿ.ಎಸ್. ಕೊಳ್ಳುವ ಹಣವನ್ನು ಮೊದಲೇ ಸೇರಿಸಿಕೊಳ್ಳಬೇಕು. ಲ್ಯಾಪ್‌ಟಾಪಿಗೆ ಅದರ ಬ್ಯಾಟರಿಯೇ ಯು.ಪಿ.ಎಸ್. ಬೀದಿಯ ಸದ್ದೆಲ್ಲ ಕೇಳುವ ಕೋಣೆಯಲ್ಲಿ ಸೂಕ್ಷ್ಮವಾದ ಕಂಡೆನ್ಸರ್ ಮೈಕಿಗಿಂತ, ವೇದಿಕೆಯ ಮೇಲೆ ಬಾಯಿಗೆ ಹತ್ತಿರ ಹಿಡಿದು ಹಾಡುವ ಡೈನಮಿಕ್ ಮೈಕೇ ಮೇಲು. ಬಾಗಿಲಿಗೆ ಎರಡು ದಪ್ಪನೆಯ ಕಂಬಳಿ ಇಳಿಬಿಟ್ಟರೆ ಹಾಡಿನಲ್ಲಿ ಕೇಳಿಬರುವ ವ್ಯತ್ಯಾಸ ಕಂಪ್ಯೂಟರಿನ ಮಾದರಿ ಬದಲಿಸಿದ್ದಕ್ಕಿಂತ ಹೆಚ್ಚು.

ಕಡೆಗೆ ಕೊಳ್ಳುವ ದಿನ ಬಂದಾಗ, ತಾನು ಮುಗಿಸಿದ ಹಾಡುಗಳಲ್ಲಿ ಎಲ್ಲಕ್ಕಿಂತ ಭಾರವಾದುದನ್ನು ಪೆನ್ ಡ್ರೈವಿನಲ್ಲಿ ಒಯ್ದು, ಅಂಗಡಿಯವರು ಒಪ್ಪಿದರೆ ಅಲ್ಲಿಯೇ ಸಣ್ಣ ಪಾತ್ರೆಯಲ್ಲಿ ಓಡಿಸಿ ನೋಡಬೇಕು. ಚಟಪಟ ಕೇಳಿಸಿದರೆ ಬೇರೆ ಮಾದರಿ ನೋಡಬೇಕು. ಬೆಲೆಯಲ್ಲಿ 18 ಶೇಕಡಾ ಜಿ.ಎಸ್.ಟಿ. ಸೇರಿದೆಯೋ ಇಲ್ಲವೋ ಕೇಳಿ, ಬಿಲ್ಲನ್ನೂ ಗ್ಯಾರಂಟಿ ಕಾಗದವನ್ನೂ ಪಡೆದುಕೊಳ್ಳಬೇಕು. ಮನೆಗೆ ತಂದ ದಿನವೇ ಹಳೆಯ ಯಂತ್ರವನ್ನು ಮಾರುವ ಆತುರ ಬೇಡ. ಅರ್ಧವಾಗಿರುವ ಹಾಡೊಂದು ಅದರಲ್ಲಿ ಇದ್ದೇ ಇರುತ್ತದೆ. ನಡುವೆ ಯಂತ್ರ ಬದಲಿಸಿದರೆ ಒಂದು ವಾದ್ಯ ಸಿಗುವುದಿಲ್ಲ, ಒಂದು ಕಡತ ತೆರೆಯುವುದಿಲ್ಲ, ಹಾಡು ಅಲ್ಲಿಗೇ ಉಳಿದುಹೋಗುತ್ತದೆ. ಅದನ್ನು ಹಳೆಯದರಲ್ಲಿಯೇ ಮುಗಿಸಿ, ಮುಂದಿನ ಹಾಡನ್ನು ಹೊಸದರಲ್ಲಿ ಆರಂಭಿಸಬೇಕು.